ಕೇಳಿದವರ ಸಾಕ್ಷ್ಯ

ಕಣ್ಣಿನಿಂದ ಕಂಡ ವಸ್ತುವಿನ ವಿಷಯದಲ್ಲಿ ಇಬ್ಬರಿಗೆ ಭಿನ್ನಾಭಿಪ್ರಾಯ ಉಂಟಾದರೆ ಅದನ್ನು ಪರಿಹರಿಸಿಕೊಳ್ಳುವ ದಾರಿ ಸುಲಭವಾದುದು. ಉದಗೀರದ ಕೋಟೆಗೆ ಎಷ್ಟು ಬುರುಜುಗಳಿವೆ ಎಂಬ ವಾದ ಹುಟ್ಟಿತೆನ್ನಿ. ಬಸ್ಸು ಹತ್ತಿ ಹೋಗಿ ಎಣಿಸಿ ಬಂದರಾಯಿತು. ಓದಿದ ಗ್ರಂಥದ ಮಾತಾದರೆ ಕಪಾಟಿನಿಂದ ಅದನ್ನು ತೆಗೆದು ಪುಟ ತಿರುವಬಹುದು. ಆದರೆ ಒಂದು ಮುಂಜಾವಿನಲ್ಲಿ, ಒಂದು ಬಯಲಿನಲ್ಲಿ, ಒಬ್ಬ ಗಾಯಕನು ಆ ಹೊತ್ತಿಗೆ ತನಗೆ ತೋರಿದಂತೆ ಹಾಡಿ ಎದ್ದುಹೋದ ಹಾಡಿನ ವಿಷಯದಲ್ಲಿ ವಾದ ಹುಟ್ಟಿದರೆ ಯಾರ ಬಳಿಗೆ ಹೋಗುವುದು? ಹಾಡಿದವನು ಇಂದಿಲ್ಲ. ಆ ಮುಂಜಾವೂ ಇಲ್ಲ. ಉಳಿದಿರುವವರು ಕೇಳಿದವರು ಮಾತ್ರ; ಅವರೋ ತಮ್ಮತಮ್ಮಲ್ಲಿಯೇ ಜಗಳಾಡುತ್ತಿದ್ದಾರೆ.

ಆ ಜಗಳಗಂಟರು ನಾವೇ. ನಾವು ನಾಲ್ವರು; ಇಬ್ಬರು ಉಮರ್ಗಾದವರು, ಒಬ್ಬರು ನಿಲಂಗಾದವರು, ಮತ್ತೊಬ್ಬರು ಉದಗೀರದವರು. ನಾಲ್ವರೂ ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡಿ ಬೆಳೆದವರು. ನಾಲ್ವರೂ ಮಾಸ್ತರಿಕೆಯನ್ನೇ ಹಿಡಿದವರು. 1990ರ ಹಿಂದುಮುಂದಿನ ಒಂದು ಡಿಸೆಂಬರಿನಲ್ಲಿ (ಯಾವ ವರ್ಷವೆಂಬುದರಲ್ಲಿಯೂ ನಮ್ಮೊಳಗೆ ಒಮ್ಮತವಿಲ್ಲ) ಸೊಲ್ಲಾಪುರದವರೆಗೆ ಬಸ್ಸಿನಲ್ಲಿಯೂ ಅಲ್ಲಿಂದ ಮುಂದೆ ರೈಲಿನಲ್ಲಿಯೂ ಪ್ರಯಾಣ ಮಾಡಿ, ಪುಣೆಯ ಸವಾಯಿ ಗಂಧರ್ವ ಮಹೋತ್ಸವದಲ್ಲಿ ಪಂಡಿತ ಭೀಮಸೇನ ಜೋಶಿಯವರ ಗಾಯನವನ್ನು ಕೇಳಿ ಬಂದೆವು. ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡರು. ಅವರ ಶಿಷ್ಯರಾದ ಭೀಮಸೇನರು ಮುಂದಾಳಾಗಿ ಮರುವರ್ಷದಿಂದ ಗುರುವಿನ ಹೆಸರಿನಲ್ಲಿ ಈ ಉತ್ಸವವನ್ನು ನಡೆಸಿಕೊಂಡು ಬಂದರು. ಆಗ ಅದು ರಾತ್ರಿಯಿಡೀ ನಡೆಯುತ್ತಿತ್ತು. ಧ್ವನಿವರ್ಧಕಗಳನ್ನು ಕುರಿತು 2000ದಲ್ಲಿ ಬಂದ ನಿಯಮಗಳ ತರುವಾಯ ಆ ಪದ್ಧತಿ ಬಿದ್ದುಹೋಯಿತು. ಕೊನೆಯ ರಾತ್ರಿ ಕಳೆದು ಬೆಳಗು ಹರಿಯುವ ವೇಳೆಗೆ ಭೀಮಸೇನರು ವೇದಿಕೆಗೆ ಬರುವುದು ರೂಢಿಯಾಗಿತ್ತು. ಕಟ್ಟಿಕೊಂಡು ಹೋದ ಜೋಳದ ರೊಟ್ಟಿ, ಶೇಂಗಾದ ಹಿಂಡಿ ಎರಡನೆಯ ರಾತ್ರಿಗೇ ತೀರಿಹೋಗಿದ್ದವು. ನಾಲ್ವರ ನಡುವೆ ಕಂಬಳಿಗಳು ಎರಡು. ಅಂಥ ಚಳಿಯಲ್ಲಿ, ಅಷ್ಟು ಸಾವಿರ ಜನರ ನಡುವೆ, ಶಾಲೆಯೊಂದರ ಬಯಲಿನಲ್ಲಿ ಕುಳಿತು ಕೇಳಿದ ಆ ಬೆಳಗನ್ನು ಕುರಿತು ಅಂದಿನಿಂದ ಇಂದಿನವರೆಗೆ ನಾವು ಮಾತಾಡುತ್ತಲೇ ಇದ್ದೇವೆ.

ಮಾತಾಡಿದಷ್ಟೂ ಅದು ಬೇರೆಬೇರೆಯಾಗುತ್ತ ಹೋಗಿದೆ. ನಮ್ಮಲ್ಲಿ ಹಾರ್ಮೋನಿಯಂ ಬಲ್ಲವರೊಬ್ಬರು, ಅಂದು ಹಾಡಿದ್ದು ಲಲಿತ್ ಎನ್ನುತ್ತಾರೆ. ಪಂಚಮವಿಲ್ಲದೆ ಎರಡೂ ಮಧ್ಯಮಗಳು ಒಂದರ ಬೆನ್ನಿಗೊಂದು ಬಂದ ರೀತಿ ಇಂದಿಗೂ ತಮ್ಮ ಕಿವಿಯಲ್ಲಿದೆ ಎಂದು ಆಣೆ ಮಾಡುತ್ತಾರೆ. ಮತ್ತೊಬ್ಬರು, ಬಿಸಿಲು ಬಿದ್ದಾಗಿತ್ತು, ಆದುದರಿಂದ ಅದು ತೋಡಿಯೇ ಆಗಿರಬೇಕು ಎಂದು ವಾದಿಸುತ್ತಾರೆ. ಇದು ನೆನಪೋ ಅನುಮಾನವೋ ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಮೂರನೆಯವರಿಗೆ ರಾಗದ ಗೊಡವೆಯೇ ಇಲ್ಲ. ಗಾಯಕರ ಕೈಗಳು ಗಾಳಿಯಲ್ಲಿ ಏನನ್ನೋ ಹಿಡಿದೆಳೆದು ತರುತ್ತಿದ್ದುದು, ತಾನಿನ ಜೊತೆಗೆ ಇಡೀ ಮೈ ತಿರುಗಿ ಬಾಗುತ್ತಿದ್ದುದು ಮಾತ್ರ ಅವರ ಕಣ್ಣಿಗೆ ಕಟ್ಟಿದೆ.

ನಾಲ್ಕನೆಯವರ ಮಾತೇ ತೊಡಕಿನದು. ಭೀಮಸೇನರು ಕೊನೆಯಲ್ಲಿ ದಾಸರ ಪದವೊಂದನ್ನು ಕನ್ನಡದಲ್ಲಿ ಹಾಡಿದರೆಂದೂ, ಪುಣೆಯ ಆ ಜನಸಾಗರದ ನಡುವೆ ತಮ್ಮ ತಾಯಿಯ ನುಡಿ ಕೇಳಿದೊಡನೆ ತಮ್ಮ ಕಣ್ಣು ತುಂಬಿಬಂದವೆಂದೂ ಅವರು ಹೇಳುತ್ತಾರೆ. ಪ್ರತಿವರ್ಷ ನವೆಂಬರ್ ಒಂದರಂದು ಮಕ್ಕಳಿಗೆ ಈ ಪ್ರಸಂಗವನ್ನು ವರ್ಣಿಸುತ್ತಾರೆ. ಕೇಳಿದ ಮಕ್ಕಳ ಮುಖ ಅರಳುತ್ತದೆ. ಉಳಿದ ಮೂವರಿಗೂ ಅಂಥದೊಂದು ಪದ ಕೇಳಿದ ನೆನಪಿಲ್ಲ. ಭೀಮಸೇನರು ದಾಸರ ಪದಗಳನ್ನು ಹಾಡುತ್ತಿದ್ದುದು ಸುಳ್ಳಲ್ಲ. ಗದಗಿನ ಕನ್ನಡ ಮನೆಯಲ್ಲಿ ಬೆಳೆದು, ಪುಣೆಯಲ್ಲಿ ಬಾಳಿ, ಮರಾಠಿ ಅಭಂಗಗಳನ್ನೂ ಕನ್ನಡದ ದಾಸವಾಣಿಯನ್ನೂ ಒಂದೇ ಕಂಠದಿಂದ ಎರಡು ನಾಡಿನ ಮನೆಮನೆಗೆ ಮುಟ್ಟಿಸಿದವರು ಅವರು. ಅಂದು, ಅಲ್ಲಿ ಹಾಡಿದರೆ ಎಂಬುದಷ್ಟೆ ಪ್ರಶ್ನೆ. ನಾವು ಮೂವರು ಬಹುಕಾಲ ಬಾಯಿ ಬಿಡಲಿಲ್ಲ. ಗೆಳೆಯನ ಕಣ್ಣೀರಿಗೆ ಲೆಕ್ಕ ಕೇಳುವುದು ಹೇಗೆ?

ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. ನಮ್ಮಲ್ಲೊಬ್ಬರು ಕಲಿಸುವ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು, ಮಾಸ್ತರರ ಬಾಯಿಂದ ಈ ಕಥೆಯನ್ನು ಹಲವು ಸಲ ಕೇಳಿದವಳು, ಮನೆಯವರ ಮೊಬೈಲಿನಲ್ಲಿ ಭೀಮಸೇನರ ಒಂದು ಕಛೇರಿಯ ಧ್ವನಿಮುದ್ರಣವನ್ನು ಹುಡುಕಿ ತಂದಳು. ಅಂದು ಸಂಜೆ ನಾವು ನಾಲ್ವರೂ ಅಲ್ಲಿಯೇ ಇದ್ದೆವು. ಅವಳು ಬಹು ಉತ್ಸಾಹದಿಂದ ಅದನ್ನು ನುಡಿಸಿದಳು. ನಾವು ಎರಡು ನಿಮಿಷ ಕೇಳಿದ್ದಿರಬಹುದು. ಆಮೇಲೆ ನಮ್ಮಲ್ಲೊಬ್ಬರು (ಯಾರೆಂಬುದು ಬೇಡ, ಉಳಿದವರೂ ತಲೆಯಾಡಿಸಿದೆವು) “ಇದರಾಗ ಏನದವಾ, ಎದುರಿಗೆ ಕುಂತು ಕೇಳಬೇಕಿತ್ತು” ಎಂದುಬಿಟ್ಟರು. ಹುಡುಗಿ ಹಾಡು ನಿಲ್ಲಿಸಿದಳು. ಸ್ವಲ್ಪ ತಡೆದು, “ಹಂಗಾದ್ರ ನಮಗ್ಯಾಕ ಹೇಳ್ತೀರಿ ಸರ್? ನಾವು ಹುಟ್ಟೂದ್ರಾಗ ತಡ ಆತು, ಅದು ನಮ್ಮ ತಪ್ಪೇನ್ರಿ?” ಎಂದು ಕೇಳಿದಳು. ಆ ಮಾತಿನಲ್ಲಿ ಉದ್ಧಟತನವಿರಲಿಲ್ಲ. ಅವಳಿಗೆ ಉತ್ತರ ನಿಜವಾಗಿಯೂ ಬೇಕಾಗಿತ್ತು. ನಮ್ಮ ಹತ್ತಿರ ಉತ್ತರವಿರಲಿಲ್ಲ.

ಈ ಪ್ರಶ್ನೆಯನ್ನು ಉಪಾಧ್ಯಾಯರಾದ ನಾವು ಲಘುವಾಗಿ ಎಣಿಸುವಂತಿಲ್ಲ. ಮಹಾಗಾಯಕನೊಬ್ಬನನ್ನು ಪ್ರತ್ಯಕ್ಷವಾಗಿ ಕೇಳಿದ ನೆನಪು ಯಾರ ಸೊತ್ತು? ಅದನ್ನು ಹೇಳುವ ಹಕ್ಕು ನಮಗಿದೆಯೆ? ಇದ್ದರೆ ಹೇಗೆ ಹೇಳಬೇಕು?

ನಮ್ಮ ಶಾಸ್ತ್ರಕಾರರು ನೆನಪಿಗೆ ಕೊಟ್ಟ ಸ್ಥಾನವನ್ನು ನೋಡಿದರೆ ನಮ್ಮ ಅಭಿಮಾನ ಅರ್ಧಕ್ಕರ್ಧ ಇಳಿದುಹೋಗುತ್ತದೆ. ನ್ಯಾಯಶಾಸ್ತ್ರದ ಬಾಲಪಾಠವೆನಿಸಿದ ಅನ್ನಂಭಟ್ಟನ ತರ್ಕಸಂಗ್ರಹವು ಜ್ಞಾನವನ್ನು ಮೊದಲು ಎರಡಾಗಿ ಒಡೆಯುತ್ತದೆ: ಸ್ಮೃತಿ ಮತ್ತು ಅನುಭವ. ಕೇವಲ ಸಂಸ್ಕಾರದಿಂದ ಹುಟ್ಟುವುದು ಸ್ಮೃತಿ. ಪ್ರತ್ಯಕ್ಷಾದಿ ಪ್ರಮಾಣಗಳಿಗೆ ಅವಕಾಶವಿರುವುದು ಅನುಭವದ ಪಾಲಿನಲ್ಲಿ. ಎಂದರೆ, ನೈಯಾಯಿಕನ ಕಟಕಟೆಯಲ್ಲಿ ನಿಲ್ಲಿಸಿದರೆ, ಮೊಬೈಲಿನಲ್ಲಿ ಆ ಕ್ಷಣಕ್ಕೆ ಹಾಡು ಕೇಳುತ್ತಿದ್ದ ಹುಡುಗಿಯ ಕೈಯಲ್ಲಿ ಅನುಭವವಿತ್ತು. ನಮ್ಮ ಕೈಯಲ್ಲಿದ್ದುದು ಬರೀ ಸ್ಮೃತಿ. ಸಾಕ್ಷಿಗಳೆಂದು ಬೀಗುತ್ತಿದ್ದವರು ಬರಿಗೈಯವರಾಗಿಯೂ, ತಡವಾಗಿ ಹುಟ್ಟಿದವಳು ನಿಜವಾದ ಶ್ರೋತೃವಾಗಿಯೂ ಕಾಣುತ್ತಾರೆ. ಅವಳಿಗೆ ದೊರೆತದ್ದು ಅದೇ ಬೆಳಗಲ್ಲ, ನಿಜ. ಆದರೆ ದೊರೆತದ್ದಂತೂ ಹೌದು.

ಆಶುವಾಗಿ ಬೆಳೆಸುವ ಸಂಗೀತಕ್ಕೆ ಈ ತೊಡಕು ಹೆಚ್ಚು. ನಮ್ಮ ಖ್ಯಾಲಿನಲ್ಲಿ ಚೀಜು ನಾಲ್ಕು ಸಾಲಿನದು. ಗಾಯಕನು ಅದರ ಮೇಲೆ ಕಟ್ಟುವ ಮನೆ ಒಂದು ತಾಸಿನದು, ಮತ್ತು ಆ ಮನೆ ಪ್ರತಿಸಲವೂ ಬೇರೆ. ಅಮೇರಿಕೆಯ ಕಪ್ಪು ಜನರು ಕಟ್ಟಿ ಬೆಳೆಸಿದ ಜಾಝ್ ಎಂಬ ಸಂಗೀತವೂ ಈ ಮಟ್ಟಿಗೆ ನಮ್ಮದರ ದಾಯಾದಿಯೇ. ಅಲ್ಲಿಯೂ ಪರಿಚಿತವಾದ ಮಟ್ಟೊಂದನ್ನು ಹಿಡಿದು ವಾದಕನು ಆ ರಾತ್ರಿಗೆ ಹೊಸದಾಗಿ ಕಟ್ಟುತ್ತಾನೆ. ಎರಿಕ್ ಡಾಲ್ಫಿ ಎಂಬ ಜಾಝ್ ವಾದಕನೊಬ್ಬ, ಸಂಗೀತವು ಮುಗಿದೊಡನೆ ಗಾಳಿಯಲ್ಲಿ ಹೊರಟುಹೋಗುತ್ತದೆ, ಅದನ್ನು ಮತ್ತೆ ಹಿಡಿಯಲಾಗದು ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. 1964ರ ಜೂನ್ ತಿಂಗಳ ಆರಂಭದಲ್ಲಿ ಹಾಲೆಂಡಿನಲ್ಲಿ ಮುದ್ರಿಸಿದ ಅವನ ವಾದನದ ತಟ್ಟೆಯ ಕೊನೆಯಲ್ಲಿ ಆ ಮಾತು ಅವನ ಧ್ವನಿಯಲ್ಲಿಯೇ ಇದೆ. ಆ ತಿಂಗಳು ಮುಗಿಯುವುದರೊಳಗೆ, ಮೂವತ್ತಾರನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಗಮನಿಸಬೇಕಾದುದೇನೆಂದರೆ, ಹಿಡಿಯಲಾಗದು ಎಂಬ ಅವನ ಮಾತು ನಮ್ಮವರೆಗೆ ಬಂದುದೇ ಅದನ್ನು ಯಾರೋ ಹಿಡಿದಿಟ್ಟುದರಿಂದ.

ಹಿಡಿದಿಡದೆ ಹೋದರೆ ಏನಾಗುತ್ತದೆಂಬುದಕ್ಕೂ ಆ ನಾಡಿನಲ್ಲಿಯೇ ದೃಷ್ಟಾಂತವಿದೆ. ನ್ಯೂ ಆರ್ಲಿಯನ್ಸ್ ನಗರದಲ್ಲಿ ಬಡಿ ಬೋಲ್ಡನ್ ಎಂಬ ಕಾರ್ನೆಟ್ ವಾದಕನಿದ್ದ; ಕಾರ್ನೆಟ್ ಎಂದರೆ ನಮ್ಮ ತುತ್ತೂರಿಯ ಜಾತಿಯ ವಾದ್ಯ. ಜಾಝಿನ ಆದಿಪುರುಷರಲ್ಲಿ ಅವನನ್ನು ಎಣಿಸುತ್ತಾರೆ. 1907ರಲ್ಲಿ ಬುದ್ಧಿಭ್ರಮಣೆಯಿಂದ ಆಸ್ಪತ್ರೆ ಸೇರಿದ ಅವನು 1931ರಲ್ಲಿ ಅಲ್ಲಿಯೇ ಸತ್ತ. ಅವನ ವಾದನದ ಒಂದು ಮುದ್ರಣವೂ ಉಳಿದಿಲ್ಲ. ಉಳಿದದ್ದು ಕೇಳಿದವರ ಮಾತು. ಅದೂ ಬೆಳೆಯುತ್ತ ಬೆಳೆಯುತ್ತ, ಅವನ ತುತ್ತೂರಿ ಮೈಲಿಗಟ್ಟಲೆ ದೂರಕ್ಕೆ ಕೇಳುತ್ತಿತ್ತು ಎನ್ನುವಲ್ಲಿಗೆ ಮುಟ್ಟಿದೆ. ಆ ಮುದುಕರು ಬೇಕೆಂದು ಸುಳ್ಳು ಹೇಳಿದರೆಂದು ನಮಗೆ ತೋರುವುದಿಲ್ಲ. ನಮ್ಮ ಗೆಳೆಯರ ದಾಸರ ಪದದಂತೆಯೇ ಅದೂ ಇರಬಹುದು. ಪ್ರೀತಿಯಿಂದ ನೆನೆದದ್ದು ಪ್ರೀತಿಯ ಅಳತೆಗೇ ಬೆಳೆಯುತ್ತದೆ.

ಇದಕ್ಕೆದುರಾಗಿ ನಮ್ಮ ಕಡೆಯದೇ ಒಂದು ದೃಷ್ಟಾಂತವನ್ನು ನೋಡೋಣ. ಜೈಪುರ-ಅತ್ರೌಲಿ ಘರಾಣೆಯ ಮೂಲಪುರುಷರಾದ ಅಲ್ಲಾದಿಯಾ ಖಾನರು 1946ರಲ್ಲಿ ತೀರಿಕೊಂಡರು. ಧ್ವನಿಮುದ್ರಣದ ಯಂತ್ರವು ಈ ದೇಶಕ್ಕೆ ಬಂದು ನಾಲ್ಕು ದಶಕಗಳು ಕಳೆದಿದ್ದರೂ ಅವರು ಅದಕ್ಕೆ ಕಂಠವನ್ನು ಒಪ್ಪಿಸಲಿಲ್ಲ. ಹಾಗೆಂದು ಅವರ ಗಾಯನವು ಬರೀ ದಂತಕಥೆಯಾಗಿ ಉಳಿಯಲಿಲ್ಲ. ಧಾರವಾಡದ ಬಳಿಯ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರು ಖಾನರ ಮಗನಾದ ಮಂಜಿ ಖಾನರಲ್ಲಿಯೂ, ಅವರು ತೀರಿದ ಮೇಲೆ ಇನ್ನೊಬ್ಬ ಮಗನಾದ ಭುರ್ಜಿ ಖಾನರಲ್ಲಿಯೂ ಕಲಿತು, 1992ರಲ್ಲಿ ಕಣ್ಣು ಮುಚ್ಚುವ ತನಕ ಆ ಮನೆತನದ ಅಪೂರ್ವ ರಾಗಗಳನ್ನು ಹಾಡಿದರು. ಇದೂ ನೆನಪೇ. ಆದರೆ ಇದು ನಾಲಗೆಯ ಮೇಲಿನ ನೆನಪಲ್ಲ, ಕಂಠದೊಳಗಿನ ನೆನಪು; ದಿನದಿನವೂ ರಿಯಾಜಿನ ಕಲ್ಲಿಗೆ ತಿಕ್ಕಿ ತೊಳೆದದ್ದು. ತಪ್ಪಿದರೆ ತಿದ್ದುವ ಗುರು ಎದುರಿಗಿದ್ದ. ನಮ್ಮ ನೆನಪನ್ನು ತಿದ್ದುವವರು ಯಾರೂ ಇರಲಿಲ್ಲ. ಇದ್ದ ಮೂವರೂ ಸಂಕೋಚದಿಂದ ಸುಮ್ಮನಿದ್ದರು.

ಇನ್ನು, ಹುಡುಗಿ ತಂದ ಮುದ್ರಣವನ್ನು ನಾವು ತಿರಸ್ಕರಿಸಿದೆವಲ್ಲ, ಆ ತಿರಸ್ಕಾರವು ಎಷ್ಟು ಅಜ್ಞಾನದಿಂದ ಕೂಡಿತ್ತೆಂಬುದನ್ನು ಭೀಮಸೇನರ ಬಾಳೇ ತೋರಿಸುತ್ತದೆ. ಬಾಲಕನಾಗಿದ್ದಾಗ ಅವರು ಅಬ್ದುಲ್ ಕರೀಂ ಖಾನರ ಠುಮರಿಯೊಂದನ್ನು ಕೇಳಿ ಮರುಳಾದುದು ಯಾವ ಮೈಫಲಿನಲ್ಲಿಯೂ ಅಲ್ಲ. ಅದೊಂದು ಗ್ರಾಮಾಫೋನ್ ತಟ್ಟೆ. ಆ ಕಾಲದ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಬಯಲಿನಲ್ಲಿ ಒಂದು ತಾಸು ಹರಡಿಕೊಳ್ಳುವ ಗಾಯನವನ್ನು ಮೂರು ನಿಮಿಷಕ್ಕೆ ಮಡಿಚಿ, ಕರಕರ ಶಬ್ದದ ಸಮೇತ ಅರಗಿನ ತಟ್ಟೆಯಲ್ಲಿ ತುಂಬಿದ್ದರು. ಅಷ್ಟು ಸಾಲದೆ ಹೋಯಿತೆ? 1933ರಲ್ಲಿ, ಹನ್ನೊಂದು ವರ್ಷದ ಆ ಹುಡುಗ ಗುರುವನ್ನರಸಿ ಮನೆ ಬಿಟ್ಟು ಓಡಿಹೋದ. ಟಿಕೀಟಿಲ್ಲದೆ ರೈಲು ಹತ್ತಿ, ಹಾಡಿ ಹೊಟ್ಟೆ ಹೊರೆದು, ಗ್ವಾಲಿಯರ್, ಕಲಕತ್ತೆ, ದಿಲ್ಲಿ ಎಂದು ಅಲೆದು ಜಾಲಂಧರವನ್ನು ಮುಟ್ಟಿದ. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿಮ್ಮ ಊರ ಸಮೀಪದಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ತಿರುಗುತ್ತೀ ಎಂದು ಕಣ್ತೆರೆಸಿದರು. ಸವಾಯಿ ಗಂಧರ್ವರಾದರೋ ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು! 1936ರಲ್ಲಿ ಹುಡುಗನು ಕುಂದಗೋಳಕ್ಕೆ ಬಂದು ನಿಂತ. ಅಂದು ಆ ತಟ್ಟೆಯ ಮುಂದೆ ನಮ್ಮಂಥ ಮಾಸ್ತರರು ನಿಂತಿದ್ದು, “ಇದರಾಗ ಏನದ” ಎಂದಿದ್ದರೆ ಏನಾಗುತ್ತಿತ್ತೋ! ಅದೃಷ್ಟವಶಾತ್ ಯಾರೂ ಇರಲಿಲ್ಲ.

ಹಾಗಾದರೆ ಎದುರಿಗೆ ಕುಳಿತು ಕೇಳುವುದಕ್ಕೂ ಯಂತ್ರದಿಂದ ಕೇಳುವುದಕ್ಕೂ ಭೇದವೇ ಇಲ್ಲವೆ ಎಂದು ವಾಚಕರು ಕೇಳಬಹುದು. ಭೇದವಿದೆ. ಆದರೆ ಅದರಲ್ಲಿ ಗಾಯಕನ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬುದನ್ನು ಪ್ರಾಮಾಣಿಕವಾಗಿ ಅಳೆಯಬೇಕು. ಆ ಬೆಳಗಿನಲ್ಲಿ ನಮಗೆ ಇಪ್ಪತ್ತು ಇಪ್ಪತ್ತೆರಡರ ಪ್ರಾಯ. ನಿದ್ದೆಗೆಟ್ಟಿದ್ದೆವು, ಹಸಿದಿದ್ದೆವು. ಅಷ್ಟು ದೊಡ್ಡ ಊರನ್ನು ಮೊದಲ ಸಲ ಕಂಡಿದ್ದೆವು. ನಾಲ್ವರೂ ಒಂದೇ ಕಂಬಳಿಯ ಅಂಚನ್ನು ಎಳೆದಾಡುತ್ತಿದ್ದೆವು. ಷಡ್ಜವು ಬಯಲನ್ನೆಲ್ಲ ತುಂಬಿ ನಿಂತಾಗ ಮೈ ನಡುಗಿದ್ದು ನಾದದಿಂದಲೋ ಚಳಿಯಿಂದಲೋ ಎಂದು ಇಂದು ಯಾರು ಹೇಳಬಲ್ಲರು? “ಅಂಥ ಹಾಡು ಈಗೆಲ್ಲಿ” ಎಂದು ನಾವು ನಿಟ್ಟುಸಿರು ಬಿಡುವಾಗ “ಅಂಥ ಪ್ರಾಯ ಈಗೆಲ್ಲಿ” ಎಂಬುದೂ ಅದರೊಳಗೆ ಕುಳಿತಿದೆ. ಕಳೆದ ನಮ್ಮ ಯೌವನಕ್ಕಾಗಿ ಇಂದಿನ ಮಕ್ಕಳ ಮೇಲೆ ಮುನಿಯುವುದು ನ್ಯಾಯವಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡೋಣ. ಭೀಮಸೇನರು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಗಳಿಸಿದ್ದರಲ್ಲಿ ನಾವು ಎರಡು ಮೂರು ಬಸ್ ಟಿಕೀಟಿನ ಬೆಲೆಗೆ ಪಾಲು ಕೊಂಡು, ಮೂವತ್ತು ವರ್ಷ ಅದರ ಬಡ್ಡಿ ತಿಂದಿದ್ದೇವೆ. “ನಾವು ಕೇಳಿದ್ದೇವೆ” ಎಂಬ ಮಾತಿನಲ್ಲಿ “ನಾವು” ಎಂಬುದೇ ದಪ್ಪಕ್ಷರದಲ್ಲಿರುತ್ತಿತ್ತು.

ಈ ಚಟವು ಸಂಗೀತಕ್ಕೆ ಮಾತ್ರ ಸಂಬಂಧಿಸಿದುದಲ್ಲ. ನಮ್ಮ ಈ ಗಡಿಯ ಊರುಗಳಲ್ಲಿ ಹಿರಿಯರು ಸೇರಿದರೆ ಇದೇ ರಾಗ. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಆಗ ಕೇಳುತ್ತಿದ್ದ ಕನ್ನಡವೇನು, ಮನೆಮನೆಯ ವಚನಗಳೇನು, ಈಗಿನ ಹುಡುಗರಿಗೆ ಅದರ ಗಂಧವೂ ಇಲ್ಲ ಎಂದು. ಹೇಳುವವರ ಸಂಕಟ ನಿಜವಾದುದು. ಆದರೆ ಕೇಳುತ್ತ ಕುಳಿತ ಹುಡುಗನಿಗೆ ತಲುಪುವುದು ಒಂದೇ ಸಂದೇಶ: ನೀನು ಹುಟ್ಟುವುದಕ್ಕೆ ಮೊದಲೇ ಎಲ್ಲ ಮುಗಿದುಹೋಗಿದೆ. ಮುಗಿದುಹೋದುದನ್ನು ಕಲಿಯಲು ಯಾವ ಮಗು ಶಾಲೆಗೆ ಬರುತ್ತದೆ?

ಮತ್ತೆ ತರ್ಕಸಂಗ್ರಹಕ್ಕೇ ಬರೋಣ. ಅದು ನಮ್ಮ ಪಾಲಿಗೆ ಒಂದು ಬಾಗಿಲನ್ನು ತೆರೆದಿಟ್ಟಿದೆ. ಸ್ಮೃತಿಯು ನಮಗೆ ಬರೀ ಸ್ಮೃತಿಯಾದರೂ, ಅದನ್ನು ನಾವು ಬಾಯಿಬಿಟ್ಟು ಹೇಳಿದಾಗ ಕೇಳುವವನಿಗೆ ಅದು ಶಬ್ದವಾಗುತ್ತದೆ. ಶಬ್ದಕ್ಕೆ ಪ್ರಮಾಣದ ಪದವಿ ದೊರೆಯುವುದು ಹೇಳುವವನು ಆಪ್ತನಾಗಿದ್ದಾಗ. ಆಪ್ತನೆಂದರೆ ಬೇಕಾದವನು ಎಂಬ ಲೋಕದ ಅರ್ಥ ಇಲ್ಲಿ ಹೊಂದುವುದಿಲ್ಲ. ಇದ್ದುದನ್ನು ಇದ್ದಂತೆ ಹೇಳುವವನೇ ಆಪ್ತನು. ಭೀಮಸೇನರು 2011ರ ಜನವರಿಯಲ್ಲಿ ತೀರಿಕೊಂಡರು. ಅವರನ್ನು ಎದುರಿಗೆ ಕಂಡು ಕೇಳಿದವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಾರೆ. ನಾವು ಹೇಳದಿದ್ದರೆ ಆ ಕೈಗಳ ಚಲನೆ, ಕಂಬಳಿ ಹೊದ್ದ ಜನರ ಮೌನ, ಬೆಳಕು ಹರಿಯುತ್ತಿದ್ದಂತೆ ಬಯಲಿನ ಬಣ್ಣ ಬದಲಾದುದು ಇವೆಲ್ಲ ಹುಡುಗಿಯ ಮೊಬೈಲಿನಲ್ಲಿ ಸಿಕ್ಕುವುದಿಲ್ಲ. ಆದುದರಿಂದ ಹೇಳಲೇಬೇಕು. ಆದರೆ ಲಲಿತೋ ತೋಡಿಯೋ ತಿಳಿಯದು ಎಂಬುದನ್ನೂ ಅದರ ಜೊತೆಯಲ್ಲಿಯೇ ಹೇಳಬೇಕು.

ಹೀಗೆ ಯೋಚಿಸುತ್ತಿರುವಾಗ ನಾವು ಮರೆತಿದ್ದ ಒಂದು ಸಂಗತಿ ನೆನಪಿಗೆ ಬಂತು. ಇದರಲ್ಲಿ ಮಾತ್ರ ನಾಲ್ವರಿಗೂ ಏಕಾಭಿಪ್ರಾಯವಿದೆ, ಅದು ನಾಲ್ವರಿಗೂ ನಾಚಿಕೆಯ ಸಂಗತಿಯಾದುದರಿಂದ ಇರಬಹುದು. ಸವಾಯಿ ಗಂಧರ್ವ ಮಹೋತ್ಸವವು ಮುಗಿಯುವುದು ಯಾವ ಗಾಯಕನ ಹಾಡಿನಿಂದಲೂ ಅಲ್ಲ. ಎಲ್ಲರ ಗಾಯನ ಮುಗಿದ ಮೇಲೆ ಸವಾಯಿ ಗಂಧರ್ವರ ಭೈರವಿಯ ಹಳೆಯ ಧ್ವನಿಮುದ್ರಿಕೆಯನ್ನು ನುಡಿಸುವುದು ಅಲ್ಲಿನ ಸಂಪ್ರದಾಯ. ಮೂರು ರಾತ್ರಿ ಎದುರಿಗೆ ಕುಳಿತ ಗವಾಯಿಗಳನ್ನು ಕೇಳಿದ ಸಾವಿರಾರು ಜನ, ಗುರುವಿನ ಆ ತಟ್ಟೆಯ ಮುಂದೆ ಅಲುಗಾಡದೆ ಕುಳಿತಿರುತ್ತಾರೆ. ಅಂದೂ ಕುಳಿತಿದ್ದರು. ನಾವು ನಾಲ್ವರು ಮಾತ್ರ, ಇದು ಬರೀ ರಿಕಾರ್ಡು, ಗಾಡಿ ತಪ್ಪೀತು ಎಂದು ಕಂಬಳಿ ಸುತ್ತಿಕೊಂಡು, ಕುಳಿತವರ ಮೊಣಕಾಲು ತುಳಿಯುತ್ತ ಹೊರಬಿದ್ದೆವು. ಮುದುಕರೊಬ್ಬರು ತಲೆಯೆತ್ತಿ ನಮ್ಮನ್ನು ನೋಡಿದರು, ಏನೂ ಅನ್ನಲಿಲ್ಲ. ಭೀಮಸೇನರು ವರ್ಷವರ್ಷವೂ ತಮ್ಮ ಹಾಡಿನ ತರುವಾಯ ಯಾವುದಕ್ಕೆ ಕೊನೆಯ ಮಾತನ್ನು ಬಿಟ್ಟುಕೊಡುತ್ತಿದ್ದರೋ ಅದನ್ನೇ ನಾವು ಕೇಳದೆ ಬಂದಿದ್ದೆವು. ಹಾಗೆ ಬಂದವರು ಮೂವತ್ತು ವರ್ಷ ಕೇಳಿದವರೆಂದು ಮೆರೆದೆವು.

ಮೊನ್ನೆ ನಾವು ಮತ್ತೆ ಆ ಶಾಲೆಗೆ ಹೋದೆವು. ನವೆಂಬರ್ ಒಂದು ಇನ್ನೂ ದೂರವಿತ್ತು. ನಮ್ಮ ನಾಲ್ಕನೆಯ ಗೆಳೆಯರು ಮಕ್ಕಳ ಎದುರಿಗೆ ನಿಂತು ತಮ್ಮ ಕಥೆಯನ್ನು ಮತ್ತೊಮ್ಮೆ ಹೇಳಿದರು. ದಾಸರ ಪದದ ಸ್ಥಳಕ್ಕೆ ಬಂದಾಗ ಸ್ವಲ್ಪ ನಿಂತು, ಅವರು ಹಾಡಿದರೆಂಬುದು ನನ್ನ ನೆನಪು, ಇಗೋ ಈ ಮೂವರೂ ನನ್ನ ಪಕ್ಕದಲ್ಲಿಯೇ ಇದ್ದರು, ಅವರಿಗೆ ಆ ನೆನಪಿಲ್ಲ, ನನಗೆ ಅತ್ತದ್ದು ಮಾತ್ರ ನಿಶ್ಚಯವಾಗಿ ಗೊತ್ತು ಎಂದರು. ಹೇಳುವಾಗ ಅವರ ಧ್ವನಿ ನೆಟ್ಟಗಿರಲಿಲ್ಲ. ನಾವು ನೆಲ ನೋಡುತ್ತಿದ್ದೆವು. ಮಕ್ಕಳ ಮುಖ ಬಾಡಬಹುದೆಂದು ಅಂಜಿದ್ದೆವು. ಅವರು ಇನ್ನಷ್ಟು ಹತ್ತಿರ ಸರಿದು ಕುಳಿತರು. ಆ ಮೂವರಲ್ಲಿ ಯಾರು ನಿದ್ದೆ ಹೋಗಿದ್ದರು ಎಂದು ಒಬ್ಬ ಹುಡುಗ ಕೇಳಿಯೇಬಿಟ್ಟ. ಅದಕ್ಕೆ ಉತ್ತರ ಕೊಡುವುದು ನಮಗೆ ಅಷ್ಟು ಸುಲಭವಾಗಲಿಲ್ಲ.

ಆಮೇಲೆ ಹುಡುಗಿಯನ್ನು ಕರೆದು ಆ ಮುದ್ರಣವನ್ನು ಮತ್ತೆ ನುಡಿಸೆಂದು ಬೇಡಿಕೊಂಡೆವು. ಅವಳು ಮೊದಲಿನ ಉತ್ಸಾಹ ತೋರಲಿಲ್ಲ, ಆದರೂ ನುಡಿಸಿದಳು. ಯಾವ ಊರಿನ ಯಾವ ವರ್ಷದ ಕಛೇರಿಯೋ ಅದು. ತಂಬೂರಿಗಳ ಹಿಂದೆ ಜನರ ಸದ್ದು ಹರಕುಮುರುಕಾಗಿ ಕೇಳುತ್ತಿತ್ತು. ಈ ಸಲ ಕೊನೆಯವರೆಗೆ ಕುಳಿತೆವು. ನಡುವೆ, ಗಾಯಕರು ತಾರ ಷಡ್ಜಕ್ಕೆ ಏರಿ ನಿಲ್ಲುವ ಹೊತ್ತಿಗೆ ಸರಿಯಾಗಿ, ಸಭೆಯಲ್ಲಿ ಯಾರೋ ಜೋರಾಗಿ ಕೆಮ್ಮಿದರು. ಹುಡುಗಿ ತಟ್ಟನೆ ನಮ್ಮ ಕಡೆಗೆ ತಿರುಗಿ ಕೇಳಿದಳು:

“ಸರ್, ಇದು ನೀವೇನ್ರಿ?”